ಒಂದೇ ಕಡೆ ತಿರುಗುವ ಕಾರು: ಹಳೇ ಮಾರುತಿಯಿಂದ ಓವಲ್ ರೇಸ್ ಗಾಡಿ ಕಟ್ಟುವ ಬಗೆ

ಅಮೆರಿಕದ ಸಣ್ಣ ಊರುಗಳಲ್ಲಿ ಮಣ್ಣಿನ ಓವಲ್ (ಮೊಟ್ಟೆಯಾಕಾರದ) ಟ್ರ್ಯಾಕುಗಳಿವೆ. ಒಂದು ಸುತ್ತಿಗೆ ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್. ಅಲ್ಲಿ ದೊಡ್ಡ ಇಂಜಿನ್ನಿನ, ಹಿಂದಿನ ಚಕ್ರ ಎಳೆಯುವ ಗಾಡಿಗಳ ಜೊತೆಗೆ ಬಡವರದ್ದೂ ಒಂದು ವರ್ಗ ಇರುತ್ತದೆ. ಷೆವರ್ಲೆ ಕ್ಯಾವಲಿಯರ್, ಡಾಡ್ಜ್ ನಿಯಾನ್, ಹೋಂಡಾ ಸಿವಿಕ್‌ನಂಥ ಹಳೇ ಫ್ರಂಟ್ ವೀಲ್ ಡ್ರೈವ್ ಕಾರುಗಳನ್ನು ಗುಜರಿ ಬೆಲೆಗೆ ತಂದು, ಸೀಟು ಗಾಜು ಕಿತ್ತು, ಕಬ್ಬಿಣದ ಗೂಡು ಹಾಕಿ ಓಡಿಸುತ್ತಾರೆ. ನಮ್ಮ ಮಂಡ್ಯ ಮೈಸೂರು ಕಡೆ ಅದಕ್ಕೆ ಸರಿಸಾಟಿಯಾದ ಗಾಡಿ ಯಾವುದು ಅಂತ ಹೇಳಬೇಕಾಗಿಲ್ಲ ಅಲ್ವಾ? ಮಾರುತಿ 800, ಝೆನ್, ಎಸ್ಟೀಮ್. ಯಾವ ಊರಿಗೆ ಹೋದರೂ ಒಂದು ಶೆಡ್ಡಿನ ಹಿಂದೆ ಟಾರ್ಪಾಲು ಹೊದ್ದುಕೊಂಡು ಒಂದಾದರೂ ನಿಂತಿರುತ್ತದೆ.

ನಮ್ಮಲ್ಲಿ ಓವಲ್ ರೇಸಿನ ರೂಢಿ ಇಲ್ಲ. ಗುರುತು ಹಾಕಿದ ಅಂಕುಡೊಂಕು ದಾರಿಯಲ್ಲಿ ಓಡಿಸುವ ಆಟೋಕ್ರಾಸ್ ಇದೆ. ಮೈಸೂರಿನ ಲಲಿತಮಹಲ್ ಹೆಲಿಪ್ಯಾಡ್ ಹತ್ತಿರದ ಮೈದಾನದಲ್ಲಿ ಧೂಳೆಬ್ಬಿಸಿದ ಕಾರುಗಳನ್ನು ನೋಡಿದವರಿಗೆ ಅದು ಗೊತ್ತು. ಆದರೆ ಸ್ವಂತ ಜಮೀನಿನಲ್ಲಿ ಒಂದು ಸಣ್ಣ ಓವಲ್ ಗುರುತು ಹಾಕಿಕೊಂಡು ಅಭ್ಯಾಸ ಮಾಡುವುದಕ್ಕೆ ಆಟೋಕ್ರಾಸಿಗಿಂತ ಕಡಿಮೆ ಜಾಗ ಸಾಕು. ಕಾರಿನ ಸಸ್ಪೆನ್ಷನ್ ಅರ್ಥ ಆಗುವುದಕ್ಕೂ ಓವಲ್‌ನಂಥ ಪಾಠಶಾಲೆ ಬೇರೆ ಇಲ್ಲ. ಒಂದೇ ತಿರುವು ಮತ್ತೆ ಮತ್ತೆ ಬರುತ್ತದೆ. ಏನು ಬದಲಾಯಿಸಿದಿರಿ, ಏನು ಆಯಿತು ಅಂತ ಮುಂದಿನ ಸುತ್ತಿನಲ್ಲೇ ಕಾಣುತ್ತದೆ.

ಕಾರು ಕೊಳ್ಳುವ ಮೊದಲೇ ತೀರ್ಮಾನ ಆಗಬೇಕಾದ ವಿಷಯ ಒಂದಿದೆ. ಯಾವ ಕಡೆ ಸುತ್ತುತ್ತೀರಿ?

ಬಲಕ್ಕೆ ತಿರುಗಿ

ಅಮೆರಿಕದಲ್ಲಿ ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ, ಅಂದರೆ ಬರೀ ಎಡಕ್ಕೆ ತಿರುಗುತ್ತಾ ಓಡಿಸುತ್ತಾರೆ. ಅಲ್ಲಿ ಸ್ಟೇರಿಂಗ್ ಎಡಗಡೆ ಇರುವುದರಿಂದ ಡ್ರೈವರ್ ತಿರುವಿನ ಒಳಬದಿಗೆ ಕೂರುತ್ತಾನೆ. ಅವನ ತೂಕ ಒಳಗಡೆ ಚಕ್ರದ ಮೇಲೆ ಬೀಳುತ್ತದೆ. ಹೊರಗಿನ ತಡೆಗೋಡೆಗೆ ಕಾರು ಉಜ್ಜಿದರೂ ಅವನು ದೂರ ಇರುತ್ತಾನೆ.

ನಮ್ಮ ಸ್ಟೇರಿಂಗ್ ಬಲಗಡೆ. ವಿಡಿಯೋ ನೋಡಿ ಅವರ ಹಾಗೇ ಎಡಕ್ಕೆ ಸುತ್ತಿದರೆ 70 ಕೆಜಿ ಆಳನ್ನು ತಪ್ಪು ಕಡೆ ಕೂರಿಸಿದ ಹಾಗಾಯಿತು. ಆದ್ದರಿಂದ ನಾವು ಗಡಿಯಾರದ ದಿಕ್ಕಿನಲ್ಲಿ, ಬಲಕ್ಕೆ ಸುತ್ತಬೇಕು. ಅವರು ಬಲ ಮುಂಚಕ್ರಕ್ಕೆ ಹೇಳುವ ಅಳತೆಯೆಲ್ಲ ನಮಗೆ ಎಡ ಮುಂಚಕ್ರಕ್ಕೆ. ಗೊಂದಲ ಬೇಡ ಅಂತ ಈ ಲೇಖನದಲ್ಲಿ ನಾನು ಎಡ ಬಲ ಅನ್ನುವುದಿಲ್ಲ. ‘ಒಳಗಿನ ಚಕ್ರ’, ‘ಹೊರಗಿನ ಚಕ್ರ’ ಅಂತಲೇ ಹೇಳುತ್ತೇನೆ. ನಮಗೆ ಒಳಗಿನದು ಅಂದರೆ ಡ್ರೈವರ್ ಕಡೆಯದು.

ಯಾವ ಕಾರು?

ಮೊದಲ ಗಾಡಿಗೆ 800 ಸಾಕು. 796 ಸಿಸಿ, ಮೂರು ಸಿಲಿಂಡರ್. ಕಾರಿನ ತೂಕವೇ ಸುಮಾರು 650 ಕೆಜಿ. 1983ರಿಂದ 2014ರ ಆರಂಭದವರೆಗೆ ತಯಾರಾದ ಗಾಡಿ, ಹಾಗಾಗಿ ಬಿಡಿಭಾಗಕ್ಕೆ ಬರ ಇಲ್ಲ. ಝೆನ್‌ನಲ್ಲಿ 993 ಸಿಸಿ ನಾಲ್ಕು ಸಿಲಿಂಡರ್ ಇಂಜಿನ್, ಓಟ ಚುರುಕು. ಆದರೆ ಅದರ ಬ್ಲಾಕೂ ಅಲ್ಯೂಮಿನಿಯಂ. ಒಂದು ಸಲ ಜೋರಾಗಿ ಬಿಸಿಯಾದರೆ 800ರಷ್ಟು ಸುಲಭವಾಗಿ ಕ್ಷಮಿಸುವುದಿಲ್ಲ. ಎಸ್ಟೀಮ್ ಮೂರರಲ್ಲಿ ಭಾರ ಜಾಸ್ತಿ. ಆದರೆ ಹಿಂದಿನ ಎರಡೂ ಚಕ್ರಗಳು ಬೇರೆ ಬೇರೆಯಾಗಿ ಆಡುವ ಸಸ್ಪೆನ್ಷನ್ ಇರುವುದರಿಂದ ಹಿಂದಿನ ಅಲೈನ್‌ಮೆಂಟನ್ನೂ ಆಡಿಸಬಹುದು. ಸ್ವಲ್ಪ ಕೈ ಪಳಗಿದ ಮೇಲೆ ಅದು ಒಳ್ಳೆ ಗಾಡಿ.

ಕೊಳ್ಳುವಾಗ ಪೇಂಟು, ಸೀಟು ನೋಡಬೇಡಿ. ಜಾಕ್ ಹಾಕಿ ಕೆಳಗೆ ತೂರಿ. ಮುಂದಿನ ಸಸ್ಪೆನ್ಷನ್ ಟವರ್, ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಕೂರುವ ಜಾಗ, ಡ್ರೈವರ್ ಕಾಲಡಿಯ ತಗಡು, ಈ ಮೂರು ಕಡೆ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ತೂತು ಬಿದ್ದರೆ ಬಿಟ್ಟು ಬನ್ನಿ. ರೋಲ್ ಕೇಜ್, ಅಂದರೆ ಡ್ರೈವರನ್ನು ಕಾಯುವ ಕಬ್ಬಿಣದ ಗೂಡು, ನಿಲ್ಲುವುದು ಅದೇ ತಗಡಿನ ಮೇಲೆ. ಇಂಜಿನ್ ಹೊಗೆ ಬಿಟ್ಟರೆ ಪರವಾಗಿಲ್ಲ, ಇಂಜಿನ್ ಬೇರೆ ಸಿಗುತ್ತದೆ. ಆಗುವುದಾದರೆ ಅದೇ ಮಾಡೆಲಿನ ಇನ್ನೊಂದು ಗುಜರಿ ಗಾಡಿ ಬಿಡಿಭಾಗಕ್ಕೆ ಅಂತಲೇ ತೆಗೆದುಕೊಳ್ಳಿ. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಯಾವಾಗಲೂ ಅಗ್ಗ ಬೀಳುತ್ತದೆ.

ಆರ್‌ಸಿ, ಷಾಸಿ ನಂಬರ್ ತಾಳೆ ನೋಡಿ, ಸಾಲ ಬಾಕಿ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಕಾರನ್ನು ಹೀಗೆ ಕಿತ್ತು ಕಟ್ಟಿದ ಮೇಲೆ ಅದು ರಸ್ತೆಗೆ ಇಳಿಯುವಂತಿಲ್ಲ. ಆರ್‌ಟಿಓದಲ್ಲಿ ನೋಂದಣಿ ರದ್ದು ಮಾಡಿಸಿಬಿಡುವುದು ಒಳ್ಳೆಯದು.

ದುಡ್ಡು ಮೊದಲು ಗೂಡಿಗೆ

ಸೀಟು, ಕಾರ್ಪೆಟ್, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಬಾಗಿಲಿನ ಗಾಜು, ಹಿಂದಿನ ಗಾಜು, ತಗಡಿಗೆ ಅಂಟಿಸಿದ ಡಾಂಬರಿನಂಥ ಹಾಳೆ, ಎಲ್ಲ ಹೊರಗೆ ಹೋಗಲಿ. ವೈರಿಂಗ್ ಕಿತ್ತುಹಾಕುವಾಗ ಮಾತ್ರ ಆತುರ ಬೇಡ. ಪ್ರತಿ ವೈರಿಗೂ ಟೇಪ್ ಸುತ್ತಿ ಹೆಸರು ಬರೆದು ಆಮೇಲೆ ಕತ್ತರಿಸಿ. ಕಾರ್ಬ್ಯುರೇಟರ್ ಇರುವ 800 ಆದರೆ ಈ ಕೆಲಸ ಅರ್ಧ ದಿನದ್ದು. ಎಂಪಿಎಫ್‌ಐ (ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ) ಗಾಡಿಯಲ್ಲಿ ಸೆನ್ಸರಿನ ವೈರ್ ಒಂದು ತಪ್ಪಿದರೂ ಸ್ಟಾರ್ಟ್ ಆಗದಿರಬಹುದು.

ರೋಲ್ ಕೇಜಿಗೆ ನೀರಿನ ಜಿಐ ಪೈಪ್ ಬೇಡ, ಎಷ್ಟೇ ದಪ್ಪ ಇದ್ದರೂ ಬೇಡ. ಅದು ರೇಸಿಗಾಗಿ ಮಾಡಿದ ಕಬ್ಬಿಣ ಅಲ್ಲ. ಜೊತೆಗೆ ಅದರ ಸತುವಿನ ಲೇಪ ವೆಲ್ಡಿಂಗ್‌ನಲ್ಲಿ ಸುಟ್ಟಾಗ ಬರುವ ಹೊಗೆ ವೆಲ್ಡರಿಗೆ ಜ್ವರ ಬರಿಸುತ್ತದೆ. ಜೋಡಣೆಯಿಲ್ಲದ, ತಣ್ಣಗೆ ಎಳೆದ ಸೀಮ್‌ಲೆಸ್ ಸ್ಟೀಲ್ ಟ್ಯೂಬ್ ಕೇಳಿ. ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರ್ ರೇಸ್ ಸಂಸ್ಥೆ) ನಿಯಮದಲ್ಲಿ ಡ್ರೈವರ್ ಬೆನ್ನ ಹಿಂದಿನ ಮುಖ್ಯ ಕಮಾನಿಗೆ 45 ಮಿಮೀ ವ್ಯಾಸ, 2.5 ಮಿಮೀ ದಪ್ಪ, ಅಥವಾ 50 ಮಿಮೀ ವ್ಯಾಸ, 2 ಮಿಮೀ ದಪ್ಪ ಇರಬೇಕು. ಉಳಿದ ಟ್ಯೂಬುಗಳಿಗೆ 38 ಮಿಮೀ, 2.5 ದಪ್ಪ ಅಥವಾ 40 ಮಿಮೀ, 2 ದಪ್ಪ. ಟ್ಯೂಬಿನ ಕಾಲು ನೇರವಾಗಿ ತಗಡಿನ ಮೇಲೆ ಕೂರಬಾರದು. ಕಾರು ಮಗುಚಿದಾಗ ತಗಡು ಹರಿದುಕೊಂಡು ಕೆಳಗಿಳಿಯುತ್ತದೆ. ಕಾಲಿನ ಕೆಳಗೆ ಕನಿಷ್ಠ 3 ಮಿಮೀ ದಪ್ಪದ, 120 ಚದರ ಸೆಂಮೀ ಅಗಲದ ಪ್ಲೇಟ್ ವೆಲ್ಡ್ ಮಾಡಿ.

ಟ್ಯೂಬನ್ನು ಮರಳು ತುಂಬಿ ಬಿಸಿ ಮಾಡಿ ಬಗ್ಗಿಸುವವರಿದ್ದಾರೆ. ಬೇಡ. ಬಾಗಿದ ಜಾಗದಲ್ಲಿ ಸುಕ್ಕು ಬಿದ್ದರೆ ಅಲ್ಲೇ ಮಡಚಿಕೊಳ್ಳುತ್ತದೆ. ಮೈಸೂರಿನ ಹೆಬ್ಬಾಳು, ಮೇಟಗಳ್ಳಿ ಕಡೆಯ ಕೈಗಾರಿಕಾ ಪ್ರದೇಶದಲ್ಲಿ ಸರಿಯಾದ ಪೈಪ್ ಬೆಂಡಿಂಗ್ ಯಂತ್ರ ಇರುವ ಫ್ಯಾಬ್ರಿಕೇಷನ್ ಶೆಡ್ ಹುಡುಕಿ. ಗೇಟು, ಗ್ರಿಲ್ಲು ಮಾಡುವವರ ಹತ್ತಿರ ಈ ಕೆಲಸ ಮಾಡಿಸಬೇಡಿ. ಅವರ ವೆಲ್ಡಿಂಗ್ ಚೆನ್ನಾಗಿ ಕಾಣುತ್ತದೆ, ಆದರೆ ಒಳಗೆ ಎಷ್ಟು ಇಳಿದಿದೆ ಅನ್ನುವುದು ಬೇರೆ ಮಾತು. ಬಾಗಿಲಿನ ಅಡ್ಡಪಟ್ಟಿ ಡ್ರೈವರ್ ಕಡೆ ಕನಿಷ್ಠ ಎರಡು ಇರಲಿ.

ಸೀಟು ಬೆನ್ನು ಹಿಡಿಯುವಂಥ ಬಕೆಟ್ ಸೀಟ್, ಹಾರ್ನೆಸ್ (ರೇಸಿನ ಸೀಟ್ ಬೆಲ್ಟ್) ನಾಲ್ಕು ಅಥವಾ ಐದು ಪಾಯಿಂಟಿನದು. ಭುಜದ ಪಟ್ಟಿಯನ್ನು ಕೇಜಿನ ಅಡ್ಡ ಟ್ಯೂಬಿಗೆ ಕಟ್ಟಿ. ನೆಲಕ್ಕೆ ಕಟ್ಟಿದರೆ ಅಪಘಾತದಲ್ಲಿ ಬೆನ್ನೆಲುಬನ್ನು ಕೆಳಕ್ಕೆ ಒತ್ತುತ್ತದೆ. ತಲೆ ತಗಲುವ ಜಾಗದ ಟ್ಯೂಬಿಗೆ ಗಟ್ಟಿ ಫೋಮ್. ಮುಖ ಮುಚ್ಚುವ ಹೆಲ್ಮೆಟ್, ಕೈಗೆಟುಕುವ ಹಾಗೆ 2 ಕೆಜಿಯ ಬೆಂಕಿ ನಂದಿಸುವ ಸಿಲಿಂಡರ್, ಹೊರಗಿನವರೂ ಆಫ್ ಮಾಡಬಹುದಾದ ಬ್ಯಾಟರಿ ಸ್ವಿಚ್. ಪೆಟ್ರೋಲ್ ಟ್ಯಾಂಕಿಗೂ ಡ್ರೈವರಿಗೂ ಮಧ್ಯೆ ಉಕ್ಕಿನ ತಗಡು. ಇಷ್ಟಕ್ಕೆ ಕಾರಿನ ಬೆಲೆಗಿಂತ ಜಾಸ್ತಿ ಖರ್ಚಾಗುತ್ತದೆ. ಆಗಲಿ. ಇದಕ್ಕೆ ದುಡ್ಡಿಲ್ಲದಿದ್ದರೆ ಮುಂದಿನದು ಓದಬೇಡಿ.

ಮೂತಿ ಹೊರಕ್ಕೆ ಜಾರುವ ರೋಗ

ಫ್ರಂಟ್ ವೀಲ್ ಡ್ರೈವ್ ಕಾರಿನ ತೂಕದಲ್ಲಿ ಶೇಕಡ 60ರಷ್ಟು ಮುಂದಿನ ಚಕ್ರಗಳ ಮೇಲೇ ಇರುತ್ತದೆ. ಎಳೆಯುವುದು ಅವೇ, ತಿರುಗಿಸುವುದು ಅವೇ, ಬ್ರೇಕಿನಲ್ಲಿ ಬಹುಪಾಲು ಕೆಲಸವೂ ಅವುಗಳದ್ದೇ. ಹಿಂದಿನ ಚಕ್ರಗಳು ಹೊತ್ತುಕೊಂಡು ಬರುತ್ತವೆ ಅಷ್ಟೆ. ಹೀಗಾಗಿ ತಿರುವಿನಲ್ಲಿ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರಿನ ಮೂತಿ ಹೊರಕ್ಕೇ ಹೋಗುತ್ತದೆ. ಹೊರಗಿನ ಮುಂದಿನ ಟೈರು ಸವೆದು ಹರಿದುಹೋಗುತ್ತದೆ. ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದರೆ ಒಳಗಿನ ಮುಂದಿನ ಚಕ್ರ ಸುಮ್ನೆ ಗಿರಗಿರ ಸುತ್ತುತ್ತದೆ. ಎಲ್ಲ ಹೊಸಬರೂ ಇದನ್ನು ನೋಡಿ ‘ಇಂಜಿನ್ ಸಾಲದು’ ಅಂದುಕೊಳ್ಳುತ್ತಾರೆ. ಇಂಜಿನ್ ಸಾಕಷ್ಟಿದೆ. ಅದರ ಶಕ್ತಿ ನೆಲಕ್ಕೆ ಇಳಿಯುತ್ತಿಲ್ಲ.

ಮದ್ದು ಹಿಂದುಗಡೆ ಇದೆ. ಹೊರಗಿನ ಹಿಂದಿನ ಸ್ಪ್ರಿಂಗನ್ನು ಗಟ್ಟಿ ಮಾಡಿ, ಆ ಮೂಲೆಯನ್ನು ಸ್ವಲ್ಪ ಎತ್ತರಿಸಿ. ನಾಲ್ಕು ಕಾಲಿನ ಮೇಜಿನ ಒಂದು ಕಾಲಿಗೆ ರಟ್ಟು ಕೊಟ್ಟರೆ ಎದುರು ಮೂಲೆಯ ಕಾಲೂ ನೆಲಕ್ಕೆ ಒತ್ತುತ್ತದಲ್ಲ, ಇದೂ ಹಾಗೇ. ಹೊರಗಿನ ಹಿಂದಿನ ಮೂಲೆ ಎತ್ತಿದರೆ ಒಳಗಿನ ಮುಂದಿನ ಚಕ್ರಕ್ಕೆ ಭಾರ ಬರುತ್ತದೆ, ಗಿರಗಿರ ಸುತ್ತುವುದು ಕಡಿಮೆಯಾಗುತ್ತದೆ. ಹೊರಗಿನ ಮುಂದಿನ ಟೈರಿನ ಹೊರೆ ಇಳಿಯುತ್ತದೆ, ಮೂತಿ ತಿರುಗುತ್ತದೆ. ಎರಡು ರೋಗಕ್ಕೂ ಒಂದೇ ಗುಳಿಗೆ. 800ರಲ್ಲಿ ಹಿಂದಿನ ಕಾಯಿಲ್ ಸ್ಪ್ರಿಂಗಿನ ಕೆಳಗೆ 10 ಮಿಮೀ ಪ್ಯಾಕಿಂಗ್ ಕೊಟ್ಟು ಶುರು ಮಾಡಿ.

ಎಷ್ಟು ಬದಲಾಯಿತು ಅಂತ ಅಳೆಯುವುದು ಹೇಗೆ? ಮಂಡ್ಯದಲ್ಲಿ ಕಬ್ಬಿನ ಟ್ರ್ಯಾಕ್ಟರ್ ತೂಗುವ ವೇಬ್ರಿಡ್ಜಿಗೆ ಕೊರತೆ ಇಲ್ಲ. ಕಾರನ್ನು ಕ್ಯಾಂಟರಿನಲ್ಲಿ ತಂದು ಇಳಿಸಿ, ಬರೀ ಮುಂದಿನ ಚಕ್ರ ಹತ್ತಿಸಿ ಒಮ್ಮೆ, ಪೂರ್ತಿ ಹತ್ತಿಸಿ ಒಮ್ಮೆ ತೂಗಿದರೆ ಹಿಂದೆ ಮುಂದೆ ಎಷ್ಟೆಷ್ಟು ಅಂತ ಸಿಕ್ಕಿತು. ಮೂಲೆ ಮೂಲೆಯ ತೂಕಕ್ಕೆ ಅದು ಒರಟು. ಅದಕ್ಕೆ ಮನೆಯಲ್ಲಿ ಆಳು ತೂಗುವ ತಕ್ಕಡಿ ಎರಡು ತನ್ನಿ. ಎರಡರ ಮೇಲೆ ಒಂದು ಗಟ್ಟಿ ಹಲಗೆ ಇಟ್ಟು, ಹಲಗೆಯ ನಡುವೆ ಚಕ್ರ ನಿಲ್ಲಿಸಿ. ಎರಡು ಅಂಕಿ ಕೂಡಿದರೆ ಆ ಚಕ್ರದ ತೂಕ. ಉಳಿದ ಮೂರು ಚಕ್ರಗಳ ಕೆಳಗೂ ಅಷ್ಟೇ ಎತ್ತರದ ಮರದ ತುಂಡು ಇರಲೇಬೇಕು. ಸೀಟಿನಲ್ಲಿ ಡ್ರೈವರ್ ಕೂತಿರಬೇಕು.

ಉದಾಹರಣೆಗೆ ಹೊರಮುಂದೆ 190, ಒಳಮುಂದೆ 205, ಹೊರಹಿಂದೆ 120, ಒಳಹಿಂದೆ 135 ಬಂತು ಅಂದುಕೊಳ್ಳಿ. ಒಟ್ಟು 650 ಕೆಜಿ. ಹೊರಮುಂದೆ, ಒಳಹಿಂದೆ ಎರಡೂ ಕೂಡಿದರೆ 325, ಅಂದರೆ ಶೇಕಡ 50. ಪ್ಯಾಕಿಂಗ್ ಕೊಟ್ಟು ಹತ್ತು ಹತ್ತು ಕೆಜಿ ಸರಿಸಿದರೆ 180, 215, 130, 125 ಆಗುತ್ತದೆ. ಅದೇ ಕರ್ಣ ಈಗ 305, ಸುಮಾರು ಶೇಕಡ 47. ಈ ಅಂಕಿ ಇಳಿದಷ್ಟೂ ಕಾರಿನ ಹಿಂಭಾಗ ಸಡಿಲವಾಗುತ್ತದೆ. ಒಂದೇ ಸಲಕ್ಕೆ ಇಳಿಸಬೇಡಿ, ತಿರುಗಿ ನಿಂತುಬಿಡುತ್ತದೆ.

ಸ್ಪ್ರಿಂಗ್ ಕತ್ತರಿಸಿದರೆ ಕಾರು ತಗ್ಗುತ್ತದೆ, ಸ್ಪ್ರಿಂಗೂ ಗಟ್ಟಿಯಾಗುತ್ತದೆ. ಆದರೆ ಗ್ಯಾಸ್ ಬೆಂಕಿಯಿಂದ ಕತ್ತರಿಸಬೇಡಿ, ಬಿಸಿಗೆ ಉಕ್ಕಿನ ಹದ ಹೋಗುತ್ತದೆ. ಕಟಿಂಗ್ ವೀಲ್‌ನಿಂದ ಅರ್ಧ ಸುತ್ತು ಕತ್ತರಿಸಿ ನೋಡಿ. ಚಕ್ರ ಗಾಳಿಯಲ್ಲಿದ್ದಾಗ ಸ್ಪ್ರಿಂಗ್ ಜಾಗ ಬಿಟ್ಟು ಬೀಳದಂತೆ ಕಟ್ಟಿರಬೇಕು.

ಅಮೆರಿಕದವರ ಇನ್ನೊಂದು ಸಲಹೆ, ‘ಮುಂದಿನ ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ಪಕ್ಕಕ್ಕೆ ಒರಗದಂತೆ ತಡೆಯುವ ಕಂಬಿ) ತೆಗೆದುಬಿಡಿ’ ಅನ್ನುವುದು. 800ರಲ್ಲಿ ಇದನ್ನು ಮಾಡಲೇಬೇಡಿ. ಈ ಕಾರಿನಲ್ಲಿ ಲೋವರ್ ಆರ್ಮ್ ಹಿಂದೆ ಮುಂದೆ ಜರುಗದಂತೆ ಹಿಡಿದಿರುವುದೇ ಆ ಬಾರ್. ತೆಗೆದರೆ ಬ್ರೇಕ್ ಹಾಕಿದ ಕೂಡಲೇ ಚಕ್ರ ಹಿಂದಕ್ಕೆ ಮಡಚಿಕೊಳ್ಳುತ್ತದೆ.

ಚಕ್ರದ ವಾಲು

ಹೊರಗಿನ ಮುಂದಿನ ಚಕ್ರದ ತಲೆ ಕಾರಿನ ಒಳಕ್ಕೆ ವಾಲಬೇಕು, 3 ಡಿಗ್ರಿಯಿಂದ ಶುರು ಮಾಡಿ. ಒಳಗಿನ ಮುಂದಿನ ಚಕ್ರದ ತಲೆ ಕಾರಿನಿಂದ ಹೊರಕ್ಕೆ, ಅಂದರೆ ಅದೂ ತಿರುವಿನ ಕಡೆಗೇ, ಸುಮಾರು 1 ಡಿಗ್ರಿ. ಅಳೆಯುವುದಕ್ಕೆ ಗಾರೆಯವರ ತೂಕದ ಗುಂಡು ಸಾಕು. ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರದ ಪಕ್ಕ ದಾರ ಇಳಿಬಿಟ್ಟು, ರಿಮ್ಮಿನ ಮೇಲಂಚಿಗೂ ದಾರಕ್ಕೂ ಎಷ್ಟು, ಕೆಳಂಚಿಗೂ ದಾರಕ್ಕೂ ಎಷ್ಟು ಅಂತ ಅಳೆಯಿರಿ. 12 ಇಂಚಿನ ಅಂತರದಲ್ಲಿ 1 ಡಿಗ್ರಿಗೆ ಸುಮಾರು 5 ಮಿಮೀ ವ್ಯತ್ಯಾಸ ಬರುತ್ತದೆ, 3 ಡಿಗ್ರಿಗೆ 16.

ವಾಲು ತರಿಸುವುದಕ್ಕೆ ಶಾಕ್ ಅಬ್ಸಾರ್ಬರ್ (ಸ್ಟ್ರಟ್) ಚಕ್ರ ಹೊರುವ ತುಂಡಿಗೆ (ನಕಲ್) ಕೂರುವಲ್ಲಿರುವ ಎರಡು ಬೋಲ್ಟುಗಳಲ್ಲಿ ಮೇಲಿನದರ ತೂತನ್ನು ಅರದಿಂದ ಉದ್ದ ಮಾಡುತ್ತಾರೆ. ಅಳತೆ ಸರಿಹೋದ ಮೇಲೆ ದಪ್ಪ ವಾಷರ್ ಇಟ್ಟು ಆ ವಾಷರನ್ನು ಬ್ರಾಕೆಟ್ಟಿಗೆ ವೆಲ್ಡ್ ಮಾಡಿಬಿಡಿ, ಇಲ್ಲದಿದ್ದರೆ ಮೊದಲ ಗುಂಡಿಗೇ ಜರುಗುತ್ತದೆ. ಇದಾದ ಮೇಲೆ ಟೋ, ಅಂದರೆ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದನ್ನು, ನೋಡಿ. ಮುಂದಿನ ಚಕ್ರಗಳು ಮುಂಭಾಗದಲ್ಲಿ ಒಟ್ಟು 3 ಮಿಮೀ ಅಗಲಿರಲಿ. ವಾಲು ಬದಲಾದರೆ ಟೋ ಬದಲಾಗುತ್ತದೆ, ಹಾಗಾಗಿ ಟೋ ಯಾವಾಗಲೂ ಕೊನೆಗೆ.

ಟೈರಿನ ಗಾಳಿ: ಹೊರಮುಂದೆ 32, ಒಳಮುಂದೆ 25, ಹೊರಹಿಂದೆ 36, ಒಳಹಿಂದೆ 26 ಪಿಎಸ್‌ಐ. ಇದು ಆರಂಭ ಅಷ್ಟೆ. ಐದು ಸುತ್ತು ಓಡಿಸಿ ನಿಲ್ಲಿಸಿದ ಕೂಡಲೇ ಹೊರಗಿನ ಮುಂದಿನ ಟೈರಿನ ಒಳಂಚು, ನಡು, ಹೊರಂಚು ಮೂರೂ ಮುಟ್ಟಿ ನೋಡಿ. ಬಿಸಿ ನೋಡುವ ಗನ್ ಇದ್ದರೆ ಇನ್ನೂ ಒಳ್ಳೆಯದು. ಹೊರಂಚು ಹೆಚ್ಚು ಬಿಸಿ ಇದ್ದರೆ ವಾಲು ಸಾಲದು. ನಡು ಬಿಸಿ ಇದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಬಿಸಿ, ನಡು ತಣ್ಣಗಿದ್ದರೆ ಗಾಳಿ ಕಡಿಮೆ. ಒಳ್ಳೆ ಟೈರುಗಳು ಮುಂದಕ್ಕೆ, ಸವೆದು ಗಟ್ಟಿಯಾದವು ಹಿಂದಕ್ಕೆ. ರಸ್ತೆ ಕಾರಿಗೆ ಇದು ತಪ್ಪು, ಇಲ್ಲಿ ಇದೇ ಸರಿ. ಟೈರ್ ಕಾರ್ಖಾನೆ ಇರುವ ಮೈಸೂರಿನಲ್ಲಿ ಹಳೇ ಟೈರಿಗೆ ಪರದಾಡುವ ಹಾಗಿಲ್ಲ ಬಿಡಿ.

ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು) ವೆಲ್ಡ್ ಮಾಡಿಸಿ ಎರಡೂ ಚಕ್ರ ಒಟ್ಟಿಗೆ ಸುತ್ತುವ ಹಾಗೆ ಮಾಡಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಮೊದಲ ವರ್ಷ ಬೇಡ. ಸ್ಟೇರಿಂಗ್ ಕಲ್ಲಾಗುತ್ತದೆ, ಮೂತಿ ಇನ್ನೂ ಹೊರಕ್ಕೆ ಹೋಗುತ್ತದೆ, ಆಕ್ಸಲ್ ಮುರಿಯುತ್ತದೆ.

ಇಂಜಿನ್

ಅದನ್ನು ಬದುಕಿಸಿಕೊಳ್ಳಿ ಸಾಕು. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಹೋಸುಗಳು ಹೊಸವು. ಒಂದೇ ಕಡೆ ತಿರುಗುವ ಕಾರಿನಲ್ಲಿ ಸಂಪಿನ, ಅಂದರೆ ಇಂಜಿನ್ ತಳದ ತೊಟ್ಟಿಯ, ಆಯಿಲ್ ಪೂರ್ತಿ ಒಂದು ಪಕ್ಕಕ್ಕೆ ಸರಿದು ಪಂಪಿನ ಬಾಯಿ ಒಣಗುತ್ತದೆ. ಆಯಿಲ್ ಲೈಟ್ ತಿರುವಿನಲ್ಲಿ ಮಿನುಗಿದರೆ ಅದೇ ಸೂಚನೆ, ಬೇರಿಂಗ್ ಹೋಗುವುದಕ್ಕೆ ಜಾಸ್ತಿ ಹೊತ್ತು ಬೇಕಿಲ್ಲ. ಸಂಪ್ ಬಿಚ್ಚಿ ಆ ಬಾಯಿಯ (ಪಿಕಪ್) ಸುತ್ತ ತಗಡಿನ ತಡೆಗೋಡೆ ವೆಲ್ಡ್ ಮಾಡಿಸಿ, ಆಯಿಲ್ ಮಟ್ಟದ ಗುರುತಿಗಿಂತ ಅರ್ಧ ಲೀಟರ್ ಹೆಚ್ಚಿಗೆ ಹಾಕಿ. ಪೆಟ್ರೋಲಿಗೂ ಇದೇ ಕಥೆ. ಟ್ಯಾಂಕ್ ಕಾಲುಭಾಗಕ್ಕಿಂತ ಕೆಳಗೆ ಇಳಿಯಬಾರದು.

ರೇಡಿಯೇಟರಿಗೆ ಕೂಲೆಂಟ್ ಬದಲು ಬರೀ ನೀರು ಹಾಕಿ. ಟ್ರ್ಯಾಕಿನ ಮೇಲೆ ಚೆಲ್ಲಿದರೆ ಕೂಲೆಂಟ್ ಎಣ್ಣೆಯ ಹಾಗೆ ಜಾರಿಸುತ್ತದೆ, ಹೊರದೇಶಗಳ ಎಷ್ಟೋ ಟ್ರ್ಯಾಕುಗಳಲ್ಲಿ ಅದಕ್ಕೆ ನಿಷೇಧ ಇದೆ. ಆದರೆ ಅಲ್ಯೂಮಿನಿಯಂ ಹೆಡ್ಡಿಗೆ ಬೋರ್‌ವೆಲ್ ಗಡಸು ನೀರು ಆಗದು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತನ್ನಿ. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ನೀರು ಇಳಿಸಿ ಕೂಲೆಂಟ್ ತುಂಬಿಡಿ. ಫ್ಯಾನಿಗೆ ನೇರ ಸ್ವಿಚ್ ಕೊಡಿ. ರೇಡಿಯೇಟರ್ ಮುಂದೆ ಮಣ್ಣು ತಡೆಯುವ ಜಾಲರಿ ಇರಲಿ.

ಪ್ರತಿ ಓಟದ ಮಧ್ಯೆ ಮತ್ತು ಮಾರನೇ ದಿನ

ಕೆಂಪು ಮಣ್ಣಿನ ಧೂಳು ಇಂಜಿನ್ ತಿನ್ನುವಷ್ಟು ರೇಸ್ ತಿನ್ನುವುದಿಲ್ಲ. ಏರ್ ಫಿಲ್ಟರ್ ಪ್ರತಿ ಓಟಕ್ಕೂ ತೆಗೆದು ಒದರಿ, ಫಿಲ್ಟರಿನಿಂದ ಇಂಜಿನ್ನಿನವರೆಗಿನ ಹೋಸಿನ ಒಳಗೆ ಬೆರಳಾಡಿಸಿ. ಬೆರಳಿಗೆ ಕೆಂಪು ಹತ್ತಿತೋ, ಎಲ್ಲೋ ಸಂದಿ ಇದೆ. ಹುಡುಕಿ ಮುಚ್ಚುವವರೆಗೆ ಸ್ಟಾರ್ಟ್ ಮಾಡಬೇಡಿ.

ಆಮೇಲೆ ಆಕ್ಸಲಿನ ರಬ್ಬರ್ ಬೂಟು. ಮುಂದಿನ ಚಕ್ರ ಪೂರ್ತಿ ತಿರುಗಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ಸಣ್ಣ ಸೀಳು ಇದ್ದರೂ ರಿಮ್ಮಿನ ಒಳಗೆ ಗ್ರೀಸ್ ಸಿಡಿದ ಗೆರೆ ಕಾಣುತ್ತದೆ. ಆಗಲೇ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮಾಲಿಬ್ಡಿನಂ ಗ್ರೀಸ್ ತುಂಬಿ, ಹೊಸ ಬೂಟು ಹಾಕಿದರೆ ಜಾಯಿಂಟ್ ಉಳಿಯುತ್ತದೆ. ತಿರುಗಿಸುವಾಗ ಕಟಕಟ ಶಬ್ದ ಶುರುವಾದ ಮೇಲೆ ಉಳಿಯುವುದಿಲ್ಲ. ಹೊರಗಿನ ಚಕ್ರದ ವೀಲ್ ಬೇರಿಂಗ್, ಬಾಲ್ ಜಾಯಿಂಟ್, ಟೈ ರಾಡ್ ತುದಿಗಳು ಬೇಗ ಸೋಲುತ್ತವೆ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಮೇಲೆ ಪಕ್ಕಕ್ಕೆ. ಇಂಜಿನ್ ಮೌಂಟ್ ಹರಿದಿದ್ದರೆ ಗೇರ್ ತಾನಾಗಿ ಜಾರುತ್ತದೆ. ಬ್ರೇಕ್ ಡ್ರಮ್ಮಿನ ಒಳಗಿನ ಮಣ್ಣು ತೆಗೆಯಿರಿ. ರಿಮ್ಮಿನ ಒಳಗೆ ಒಣಗಿದ ಮಣ್ಣಿನಿಂದಲೇ ಸ್ಟೇರಿಂಗ್ ನಡುಗುತ್ತದೆ, ಅದಕ್ಕೆ ಬ್ಯಾಲೆನ್ಸಿಂಗ್ ಅಂಗಡಿಗೆ ಓಡಬೇಡಿ. ಇಂಜಿನ್ ಆಯಿಲ್ ಎರಡು ಓಟದ ದಿನಕ್ಕೊಮ್ಮೆ ಬದಲಿಸಿ, ಬ್ರೇಕ್ ಆಯಿಲ್ ವರ್ಷಕ್ಕೊಮ್ಮೆಯಾದರೂ.

ಒಂದು ನೋಟ್‌ಬುಕ್ ಇಡಿ. ಗಾಳಿ, ಪ್ಯಾಕಿಂಗ್, ವಾಲು, ನೆಲ ಒದ್ದೆಯೋ ಒಣಗಿತ್ತೋ, ಎಲ್ಲ ಅದರಲ್ಲಿರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಜಾಗ

ಕಬ್ಬು ಕಡಿದ ಗದ್ದೆ ನೋಡಲು ಆಸೆ ಹುಟ್ಟಿಸುತ್ತದೆ. ಆದರೆ ಕೂಳೆ ಮತ್ತು ಸಾಲುಗಳು ಸಂಪ್ ಒಡೆಯುತ್ತವೆ. ಬೀಳು ಬಿದ್ದ ಗಟ್ಟಿ ಕೆಂಪು ನೆಲ ಹುಡುಕಿ. 250 ಮೀಟರ್ ಸುತ್ತು, 10 ಮೀಟರ್ ಅಗಲ ಸಾಕು. ಹೊರಸುತ್ತಿನಲ್ಲಿ ಮರ, ಬಾವಿ, ಕರೆಂಟ್ ಕಂಬ, ನಾಲೆ ಇರಬಾರದು. ತಿರುವಿನ ಹೊರಗಡೆ ಯಾರೂ ನಿಲ್ಲಬಾರದು, ಮೊಬೈಲ್ ಹಿಡಿದ ಗೆಳೆಯರೂ ಸೇರಿ. ಬೆಳಿಗ್ಗೆ ಟ್ಯಾಂಕರಿನಲ್ಲಿ ನೀರು ಚಿಮುಕಿಸಿದರೆ ಧೂಳೂ ಅಡಗುತ್ತದೆ, ಹಿಡಿತವೂ ಬರುತ್ತದೆ. ಒಂದಕ್ಕಿಂತ ಹೆಚ್ಚು ಕಾರು, ಜನ ಸೇರುವುದಾದರೆ ಅದು ಅಭ್ಯಾಸ ಅಲ್ಲ, ಕಾರ್ಯಕ್ರಮ. ಪೊಲೀಸ್ ಅನುಮತಿ, ಆಂಬುಲೆನ್ಸ್ ಬೇಕು. ಅಧಿಕೃತ ಸ್ಪರ್ಧೆಗೆ ಹೋಗುವುದಾದರೆ ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ರೇಸ್ ಸಂಸ್ಥೆ) ಲೈಸೆನ್ಸ್ ಬೇಕು, ಕೇಜು, ಹಾರ್ನೆಸ್ ಅವರ ನಿಯಮದ ಪ್ರಕಾರ ಇರಬೇಕು. ಆಟೋಕ್ರಾಸಿಗೆ ಇದೇ ಕಾರು ಒಯ್ಯುವ ಮನಸ್ಸಿದ್ದರೆ ಓರೆ ಅಳತೆಗಳನ್ನೆಲ್ಲ ಸಮ ಮಾಡಬೇಕು, ಅಲ್ಲಿ ಎರಡೂ ಕಡೆ ತಿರುವು ಇರುತ್ತದೆ. ಅದಕ್ಕೇ ವಾಷರ್ ವೆಲ್ಡ್ ಮಾಡುವಾಗ ಇನ್ನೊಂದು ಜೊತೆ ಸ್ಟ್ರಟ್ ಎತ್ತಿಟ್ಟುಕೊಂಡಿರಿ.

ಆ ಜಾಗಕ್ಕೆ ಕಾರನ್ನು ಓಡಿಸಿಕೊಂಡು ಹೋಗುವುದು ಮಾತ್ರ ಬೇಡ, ಎರಡು ಕಿಲೋಮೀಟರ್ ಆದರೂ ಬೇಡ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದಕ್ಕೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಇದೆ. ರೇಸ್ ಮಾಡದಿದ್ದರೂ ನಂಬರ್, ಇನ್ಶೂರೆನ್ಸ್, ಲೈಟ್ ಇಲ್ಲದ ಗಾಡಿ ರಸ್ತೆಗೆ ಬರುವಂತಿಲ್ಲ. ಕ್ಯಾಂಟರ್ ಬಾಡಿಗೆಗೆ ಹಿಡಿಯಿರಿ. ಹತ್ತಿಸಿದ ಮೇಲೆ ಗೇರಿನಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಮರದ ತುಂಡು ಕೊಟ್ಟು, ಪಟ್ಟಿಯನ್ನು ಸ್ಪ್ರಿಂಗಿನ ಮೇಲಿರುವ ಕಾರಿನ ಮೈಗೆ ಕಟ್ಟದೆ ಕೆಳಗಿನ ಆರ್ಮ್, ಆಕ್ಸಲ್ ಕಡೆಗೆ ಕಟ್ಟಿ. ಮೈಗೆ ಕಟ್ಟಿದರೆ ದಾರಿಯಲ್ಲಿ ಕುಲುಕಿ ಕುಲುಕಿ ಪಟ್ಟಿ ಸಡಿಲವಾಗುತ್ತದೆ.